ಕಾಗದದ ಮೇಲೆ ವಾಹಕ ಶಾಯಿಯ ಸರ್ಕ್ಯೂಟ್: ಎಲ್‌ಇಡಿ ಏಕೆ ಮಂಕಾಗಿ ಉರಿಯುತ್ತಿದೆ?

ಪ್ರಶ್ನೆ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ)

ಹತ್ತನೆಯ ತರಗತಿಯ ಮಕ್ಕಳಿಗೆ ತಂತಿಯ ಗೋಜಿಲ್ಲದೆ ಕಾಗದದ ಮೇಲೆಯೇ ಸರ್ಕ್ಯೂಟ್ ಬಿಡಿಸಿ ತೋರಿಸಬೇಕೆಂದು ಮೊದಲು 6ಬಿ ಪೆನ್ಸಿಲ್ಲಿನಿಂದ ದಪ್ಪ ಗೆರೆ ಎಳೆದು ನೋಡಿದೆ. 3 ವೋಲ್ಟ್‌ನ ಬಟನ್ ಸೆಲ್ ಜೋಡಿಸಿದರೆ ಕೆಂಪು ಎಲ್‌ಇಡಿ ಹೊತ್ತಲೇ ಇಲ್ಲ. ಬಳಿಕ ಬೇರ್ ಕಂಡಕ್ಟಿವ್‌ನವರ ಇಂಗಾಲದ ಬಣ್ಣ ತರಿಸಿ, 10 ಸೆಂ.ಮೀ. ಉದ್ದ, 5 ಮಿ.ಮೀ. ಅಗಲದ ಎರಡು ಪಟ್ಟಿಗಳನ್ನು ಬಳಿದೆ. ಈಗ ಹೊತ್ತುತ್ತದೆ, ಆದರೆ ಕಿಟಕಿ ಮುಚ್ಚಿದರಷ್ಟೇ ಕಾಣುತ್ತದೆ. ಶಾಲೆಯ ಇಂಕ್‌ಜೆಟ್ ಪ್ರಿಂಟರಿಗೆ ಬೆಳ್ಳಿಯ ಶಾಯಿ ತುಂಬಿಸಿ ಮುದ್ರಿಸಬಹುದೇ? ಪ್ರಿಂಟರ್ ಕೆಟ್ಟರೆ ಉತ್ತರ ಹೇಳಬೇಕಾದವಳು ನಾನೇ.

ಉತ್ತರ 1 (ಎಲೆಕ್ಟ್ರಾನಿಕ್ಸ್ ರಿಪೇರಿಯವರು)

ಮೇಡಂ, ಶಾಯಿ ಬದಲಿಸುವ ಮೊದಲು ಪಟ್ಟಿಯ ಚದರಗಳನ್ನು, ಅಂದರೆ ಅಗಲದಷ್ಟೇ ಉದ್ದದ ತುಂಡುಗಳನ್ನು, ಎಣಿಸಿ ನೋಡಿ. ತೆಳುವಾದ ಲೇಪದ ರೋಧವನ್ನು ಚದರಕ್ಕೆ ಇಷ್ಟು ಓಮ್ ಎಂದು ಹೇಳುತ್ತಾರೆ. ಪಟ್ಟಿಯ ಉದ್ದವನ್ನು ಅಗಲದಿಂದ ಭಾಗಿಸಿದರೆ ಅದರಲ್ಲಿ ಎಷ್ಟು ಚದರಗಳಿವೆ ಎಂಬುದು ಸಿಗುತ್ತದೆ. ನೀವು ಬಳಸಿದ ಬಣ್ಣಕ್ಕೆ 50 ಮೈಕ್ರಾನ್ ದಪ್ಪದಲ್ಲಿ ಚದರಕ್ಕೆ ಸುಮಾರು 55 ಓಮ್. ನಿಮ್ಮ ಒಂದೊಂದು ಪಟ್ಟಿಯಲ್ಲೂ 20 ಚದರ, ಅಂದರೆ 1100 ಓಮ್. ಹೋಗುವ ದಾರಿ, ಬರುವ ದಾರಿ ಎರಡೂ ಸೇರಿ 2200. ಕೆಂಪು ಎಲ್‌ಇಡಿ ತನಗೇ ಸುಮಾರು 2 ವೋಲ್ಟ್ ಇಟ್ಟುಕೊಳ್ಳುವುದರಿಂದ ಉಳಿಯುವ 1 ವೋಲ್ಟ್‌ಗೆ ಅರ್ಧ ಮಿಲಿಆಂಪಿಯರ್ ಕೂಡ ಹರಿಯುವುದಿಲ್ಲ. ಅದೇ ಬಣ್ಣವನ್ನು 4 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲಕ್ಕೆ ಬಳಿದರೆ ಪಟ್ಟಿಗೆ ಎರಡೇ ಚದರ, ಒಟ್ಟು 220 ಓಮ್. ನಾಲ್ಕು ಮಿಲಿಆಂಪಿಯರ್‌ಗೆ ಮೋಸವಿಲ್ಲ. ಪೂರ್ತಿ ಒಣಗುವ ಮುನ್ನ ಅಳೆಯಬೇಡಿ, ಹಸಿ ಬಣ್ಣದ ರೋಧ ಬಹಳ ಹೆಚ್ಚು.

ಉತ್ತರ 2 (ಸಂಶೋಧನಾ ವಿದ್ಯಾರ್ಥಿ)

ಶಾಲೆಯ ಪ್ರಿಂಟರನ್ನು ದಯವಿಟ್ಟು ಮುಟ್ಟಬೇಡಿ. ಟೋಕಿಯೊ ವಿಶ್ವವಿದ್ಯಾಲಯದ ಯೋಶಿಹಿರೊ ಕವಾಹರ ಮತ್ತು ಸಂಗಡಿಗರು 2013ರಲ್ಲಿ ಮಾಮೂಲಿ ಇಂಕ್‌ಜೆಟ್‌ನಿಂದಲೇ ಬೆಳ್ಳಿಯ ಸರ್ಕ್ಯೂಟ್ ಮುದ್ರಿಸಿ ತೋರಿಸಿದ್ದು ನಿಜ, ಆದರೆ ಅವರು ಬಳಸಿದ್ದು ಬ್ರದರ್ ಪ್ರಿಂಟರ್. ಅದರ ತಲೆ ಪೀಜೋ ಹರಳಿನ (ವಿದ್ಯುತ್ ಕೊಟ್ಟಾಗ ಆಕಾರ ಬದಲಿಸುವ ಹರಳು) ಅದುರುವಿಕೆಯಿಂದ ಶಾಯಿಯನ್ನು ಚಿಮ್ಮಿಸುತ್ತದೆ. ಶಾಯಿಯನ್ನು ಕುದಿಸಿ ಚಿಮ್ಮಿಸುವ ಪ್ರಿಂಟರುಗಳು ಈ ಕೆಲಸಕ್ಕೆ ಹೊಂದುವುದಿಲ್ಲ. ಕಾಗದವೂ ಅಷ್ಟೇ ಮುಖ್ಯ: ಬೆಳ್ಳಿಯ ನ್ಯಾನೋಕಣಗಳು ಶಾಯಿಯಲ್ಲಿ ಗಂಟುಕಟ್ಟದಿರಲೆಂದು ಅವುಗಳಿಗೊಂದು ಹೊದಿಕೆ ಇರುತ್ತದೆ, ತಕ್ಕ ಲೇಪನವಿರುವ ಹೊಳಪಿನ ಫೋಟೊ ಕಾಗದ ಆ ಹೊದಿಕೆಯನ್ನು ಕಳಚುವುದರಿಂದ ಕಣಗಳು ಒಂದಕ್ಕೊಂದು ತಾಗಿ, ಕಾಯಿಸದೆಯೇ ವಾಹಕವಾಗುತ್ತವೆ. ಜೆರಾಕ್ಸ್ ಕಾಗದದಲ್ಲಿ ಶಾಯಿ ನಾರಿನೊಳಗೆ ಇಂಗಿಹೋಗುತ್ತದೆ. ಒಂದು ತರಗತಿಗೆ ಬೆಳ್ಳಿ ಶಾಯಿಯ ಪೆನ್ನು ಸಾಕು. ಜೆನಿಫರ್ ಲೂಯಿಸ್ ಅವರ ತಂಡ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅಂಥ ಪೆನ್ನನ್ನು 2011ರಲ್ಲೇ ಮಾಡಿ ತೋರಿಸಿತ್ತು.

ಉತ್ತರ 3 (ಉಡುಪಿಯಿಂದ ಒಬ್ಬ ಹವ್ಯಾಸಿ)

ಬೆಳ್ಳಿ ಎಂದರೆ ಎಲ್ಲವೂ ಸಲೀಸು ಎಂದುಕೊಳ್ಳಬೇಡಿ. ನಾನು ಮೊದಲ ಸಲ ಬೆಳ್ಳಿಯ ಗೆರೆಗೆ ಎಲ್‌ಇಡಿಯನ್ನು ಬೆಸೆಯಲು ಹೋದಾಗ ಗೆರೆಯ ತುದಿಯೇ ಕರಗಿ ಸೀಸದ ಹನಿಯೊಳಗೆ ಸೇರಿತು, ಕೆಳಗಿನ ಕಾಗದ ಕಂದಿತು. ತೆಳು ಬೆಳ್ಳಿಯನ್ನು ಬೆಸುಗೆಯ ತವರ ನುಂಗಿಬಿಡುತ್ತದೆ. ಹಾಗಾಗಿ ಎಲ್‌ಇಡಿಯ ಕಾಲುಗಳನ್ನು ಚಪ್ಪಟೆಯಾಗಿ ಮಡಚಿ, ವಾಹಕ ಅಂಟಿನಿಂದ ಅಥವಾ ಅದೇ ಇಂಗಾಲದ ಬಣ್ಣದ ಒಂದು ಚಿಟಿಕೆಯಿಂದ ಕೂರಿಸಿ, ಮೇಲೊಂದು ಟೇಪು ಹಚ್ಚಿ. ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯವಿದೆ: ತೇವವಿದ್ದು ವೋಲ್ಟೇಜೂ ಇದ್ದರೆ ಹತ್ತಿರದ ಎರಡು ಗೆರೆಗಳ ನಡುವೆ ಬೆಳ್ಳಿ ಬೇರಿನಂತೆ ಬೆಳೆದು ಷಾರ್ಟ್ ಆಗುತ್ತದೆ. ಗೆರೆಗಳ ನಡುವೆ ಧಾರಾಳವಾಗಿ ಜಾಗ ಬಿಡಿ, ಪಾಠ ಮುಗಿದ ಮೇಲೆ ಸೆಲ್ ತೆಗೆದಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಅದೇ ಬಣ್ಣವನ್ನು 4 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲಕ್ಕೆ ಬಳಿದು ರಾತ್ರಿಯಿಡೀ ಒಣಗಿಸಿದೆ. ಮಲ್ಟಿಮೀಟರ್ ಒಂದು ಪಟ್ಟಿಗೆ 140 ಓಮ್, ಇನ್ನೊಂದಕ್ಕೆ 125 ತೋರಿಸಿತು. ನನ್ನ ಕೈಬಳಿತ ಸಮನಾಗಿರಲಿಲ್ಲವೆಂದು ಕಾಣುತ್ತದೆ. ಎಲ್‌ಇಡಿ ಕಿಟಕಿ ತೆರೆದಿದ್ದರೂ ಚೆನ್ನಾಗಿ ಕಾಣುತ್ತಿದೆ. ಪಟ್ಟಿಯನ್ನು ಎಲ್ ಆಕಾರದಲ್ಲಿ ತಿರುಗಿಸಿದರೆ ಮೂಲೆಯ ಚದರವನ್ನು ಪೂರ್ತಿ ಎಣಿಸಬೇಕೇ ಎಂದು ಹುಡುಗಿಯೊಬ್ಬಳು ಕೇಳಿದ್ದಾಳೆ. ಉತ್ತರ ತಿಳಿದವರು ಹೇಳಿ.

ಉತ್ತರ 1ರವರಿಂದ

ಸುಮಾರು ಅರ್ಧ ಚದರವೆಂದು ಹಿಡಿಯಲಿ, ಮೇಡಂ. ಮೂಲೆಯಲ್ಲಿ ಕರೆಂಟು ಒಳಬದಿಯ ಹತ್ತಿರದ ದಾರಿ ಹಿಡಿಯುತ್ತದೆ.