ಪೆಲೆಟ್ ಗ್ರಿಲ್‌ಗೆ ಕನ್ನಡದಲ್ಲಿ ಏನಂತ ಬರೆಯೋದು? (ಶುಕ್ರವಾರದೊಳಗೆ ಬೇಕು)

ಡಲ್ಲಸ್‌ವಾಸಿ:

ಎಲ್ಲರಿಗೂ ನಮಸ್ಕಾರ. ಮನೆಗೆ ಪೆಲೆಟ್ ಗ್ರಿಲ್ (ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡುಗಳನ್ನ ಉರಿಸಿ ಅಡುಗೆ ಮಾಡೋ ಒಲೆ) ತಗೊಂಡಿದೀವಿ, ಊರಿಂದ ಅಪ್ಪ ಬಂದಿದಾರೆ, ನಾವಿಬ್ರೂ ಆಫೀಸಿಗೆ ಹೋದ್ಮೇಲೆ ಅವರಿಗೆ ಅದರ ಮೇಲೇ ಕಣ್ಣು. ಹಾಸನದ ಕಡೆಯವ್ರು, ಸೌದೆ ಒಲೆ ಮುಂದೆ ಬೆಳೆದವ್ರು, ಬೆಂಕಿ ಬಗ್ಗೆ ನಾನು ಅವರಿಗೆ ಹೇಳ್ಕೊಡೋ ಅಂಥದ್ದು ಏನಿಲ್ಲ, ಆದ್ರೆ ಇದು ಕರೆಂಟಲ್ಲಿ ನಡೆಯೋ ಬೆಂಕಿ, ಮ್ಯಾನ್ಯುಯಲ್ ಪೂರ್ತಿ ಇಂಗ್ಲಿಷು. ಒಂದು ಹಾಳೆ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡ್ಸಿ ಪಕ್ಕದಲ್ಲಿ ನೇತುಹಾಕ್ಬೇಕು. ಸಿಕ್ಕಿಹಾಕ್ಕೊಂಡಿರೋ ಪದಗಳು: ಪೆಲೆಟ್, ಅದನ್ನ ತುಂಬೋ ಹಾಪರ್, ಅಲ್ಲಿಂದ ಬೆಂಕಿಗೆ ತಳ್ಕೊಂಡು ಹೋಗೋ ಆಗರ್, ಉರಿಯೋ ಜಾಗ ಅಂದ್ರೆ ಫೈರ್ ಪಾಟ್, ಹೊಸದನ್ನ ಮೊದಲ ಸಲ ಖಾಲಿ ಕಾಯಿಸೋ ಸೀಸನಿಂಗ್, ಸ್ಮೋಕಿಂಗ್, ಕೊನೇಗೆ ಶಟ್‌ಡೌನ್. ಗ್ರಿಲ್ ತಂದಿದೀವಿ ಅಂತ ಫೋನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು "ಯಾವ ಕಿಟಕಿಗೆ?" ಅಂತ.

ಅಚ್ಚಗನ್ನಡಿಗ:

ಪೆಲೆಟ್ = ಗುಳಿಗೆ. ಹಾಪರ್ = ಕಣಜ. ಆಗರ್ = ಬೈರಿಗೆ. ಫೈರ್ ಪಾಟ್ = ಕೆಂಡಗುಳಿ. ಗ್ರಿಲ್ = ಸುಡೊಲೆ. ಸ್ಮೋಕಿಂಗ್ = ಹೊಗೆಯೂಡಿಕೆ. ಎಲ್ಲಾ ನಮ್ಮಲ್ಲೇ ಇದೆ, ಹುಡುಕೋ ತಾಳ್ಮೆ ಇಲ್ಲ ಅಷ್ಟೆ.

ಪೀಣ್ಯ ಫಿಟ್ಟರ್:

ಬೈರಿಗೆ ತೂತು ಕೊರೆಯುತ್ತೆ ಸಾರ್, ಇದು ತಳ್ಳುತ್ತೆ. ಇಂಗ್ಲಿಷ್‌ನವ್ರು ಎರಡಕ್ಕೂ ಒಂದೇ ಹೆಸರಿಟ್ಟಿದಾರೆ ಅಂತ ನಾವೂ ಇಡ್ಬೇಕಾ? ತಿರುಪು ಅನ್ನಿ ಸಾಕು, ನಮ್ಮ ಶಾಪಲ್ಲಿ ಸ್ಕ್ರೂ ಅಂತೀವಿ. ಹೆಸರಿಗಿಂತ ಮುಖ್ಯ ವಿಷ್ಯ ಒಂದಿದೆ, ಪೆಲೆಟ್ ಅಂದ್ರೆ ಮರದ ಪುಡೀನ ಒತ್ತಿ ಮಾಡಿದ್ದು, ಅಂಟು ಬೇರೆ ಹಾಕಲ್ಲ, ಒತ್ತಡದ ಬಿಸಿಗೆ ಮರದಲ್ಲೇ ಇರೋ ಲಿಗ್ನಿನ್ ಅನ್ನೋ ಅಂಶ ಮೆತ್ತಗಾಗಿ ಹಿಡ್ಕೊಳ್ಳುತ್ತೆ, ಹಂಗಾಗಿ ನೀರು ತಾಗಿದ್ರೆ ಉಬ್ಬಿ ವಾಪಸ್ ಪುಡಿ ಆಗುತ್ತೆ, ಆ ಪುಡಿ ತಿರುಪಿನೊಳಗೆ ಹೋಗಿ ಗಟ್ಟಿ ಕೂತ್ಕೊಂಡ್ರೆ ಇಡೀ ಗ್ರಿಲ್ ಬಿಚ್ಬೇಕು. ನಿಮ್ಮಪ್ಪ ಆ ತಿರುಪನ್ನ ಕಣ್ಣಲ್ಲೂ ನೋಡಲ್ಲ, ಅದಕ್ಕೆ ಹೆಸರು ಯಾಕೆ? "ಮಳೆಗೆ ಮೂಟೆ ಹೊರಗಿಡಬೇಡಿ" ಅಂತ ಬರೀರಿ. ಇನ್ನೊಂದು, ಮನೆ ಬೆಚ್ಚಗಿಡೋ ಸ್ಟೌವಿಗೆ ಅಂತ ಮಾರೋ ಪೆಲೆಟ್ ಇರುತ್ತೆ, ಅದರಲ್ಲಿ ಪೈನ್ ಥರದ ಅಂಟು ಮರ ಸೇರಿರ್ಬಹುದು, ಅಡುಗೆಗೆ ಆಗಲ್ಲ. ಹಿಕರಿ, ಓಕ್, ಆಪಲ್, ಚೆರಿ ಅಂತ ಮೂಟೆ ಮೇಲೆ ಇರೋದೇ ತರ್ಬೇಕು.

ನಿವೃತ್ತ ಮೇಷ್ಟ್ರು:

ಅಚ್ಚಗನ್ನಡಿಗರ ಗಮನಕ್ಕೆ: ಗುಳಿಗೆ ಅನ್ನೋದು ಸಂಸ್ಕೃತದ ಗುಟಿಕಾದ ತದ್ಭವ. ಅಚ್ಚಗನ್ನಡದ ಪಟ್ಟಿಯ ಮೊದಲನೇ ಪದವೇ ಅಚ್ಚಗನ್ನಡ ಅಲ್ಲ.

ಅಚ್ಚಗನ್ನಡಿಗ:

ಸಾವಿರ ವರ್ಷ ನಮ್ಮ ನಾಲಿಗೆ ಮೇಲೆ ತಿರುಗಿದ್ದು ನಮ್ಮದೇ ಮೇಷ್ಟ್ರೇ. ಪೆಲೆಟ್ ನಿನ್ನೆ ಬಂದಿದ್ದು.

ಮಲೆನಾಡಿನವಳು:

ಗುಳಿಗೆ ಅಂತ ಬರೆದ್ರೆ ಊಟಕ್ಕೆ ಮುಂಚೆನೋ ಆಮೇಲೋ ಅಂತ ಕೇಳ್ತಾರೆ ಅವರಪ್ಪ 😀 "ಮರದ ಪೆಲೆಟ್" ಅಂತ ಬಿಡಿ, ದನ ಕಟ್ಟಿರೋ ಮನೆಯವ್ರಿಗೆ ಆ ಪದ ಹೊಸದಲ್ಲ, ಪಶು ಆಹಾರದ ಮೂಟೆ ಬಿಚ್ಚಿ ನೋಡಿರ್ತಾರೆ. ಸೀಸನಿಂಗ್‌ಗೆ ತಲೆ ಕೆಡಿಸ್ಕೊಳ್ಳೋದೇ ಬೇಡ, ಹೊಸ ದೋಸೆ ಕಾವಲಿಗೆ ಏನಂತೀವಿ? ಪಳಗಿಸೋದು. ಕಾರ್ಖಾನೆ ಎಣ್ಣೆ ವಾಸನೆ ಹೋಗೋವರೆಗೆ ಒಂದು ಅರ್ಧ ಮುಕ್ಕಾಲು ಗಂಟೆ ಜಾಸ್ತಿ ಬಿಸೀಲಿ ಖಾಲಿ ಓಡಿಸಿ ಪಳಗಿಸಿ ಅಂದ್ರೆ ಮುಗೀತು.

ತೊಂದರೆ ಇರೋದು ಸ್ಮೋಕಿಂಗ್‌ನಲ್ಲಿ. "ಕೋಳಿಗೆ ಹೊಗೆ ಹಾಕಿ" ಅಂತ ಬರೆದ್ರೆ ಬೆಂಗಳೂರು ಹುಡುಗ್ರು ಬಿದ್ದು ಬಿದ್ದು ನಗ್ತಾರೆ, ಹೊಗೆ ಹಾಕಿಸ್ಕೊಂಡ ಅಂದ್ರೆ ಏನು ಅಂತ ಗೊತ್ತಲ್ಲ. ಹೊಗೆಯೂಡಿಕೆ ಕೇಳೋಕೆ ಚೆನ್ನಾಗಿದೆ, ಆದ್ರೆ ಎರಡು ಬೇರೆ ಬೇರೆ ಕೆಲಸ ಕಲಸಿಹೋಗುತ್ತೆ. ನಮ್ಮ ಕಡೆ ಒಲೆ ಮೇಲಿನ ಅಟ್ಟದಲ್ಲಿ ಮಾಂಸ ಕಟ್ಟಿಡ್ತಿದ್ರು, ಅದು ಹೊಗೇಲಿ ಒಣಗೋದು, ಬೇಯೋದಲ್ಲ, ತಿಂಗಳುಗಟ್ಟಲೆ ಇಡೋಕೆ. ಗ್ರಿಲ್ಲಲ್ಲಿ ಆಗೋದು ಹೊಗೇಲಿ ಬೇಯೋದು, ಅವತ್ತೇ ತಿನ್ನೋದು, ಉಳಿದ್ರೆ ಫ್ರಿಜ್ಜು. ಹೊಗೆ ತಾಗಿದೆಯಲ್ಲ ಅಂತ ನಿಮ್ಮಪ್ಪ ಹೊರಗೇ ನೇತು ಹಾಕಿಟ್ರೆ ಕಷ್ಟ.

ಡಲ್ಲಸ್‌ವಾಸಿ:

"ಹೊಗೇಲಿ ಬೇಯಿಸೋದು" ತಗೊಂಡೆ, ಥ್ಯಾಂಕ್ಸ್ ಮೇಡಂ. ಇಲ್ಲೇ ಇನ್ನೊಂದು ಸಮಸ್ಯೆ, ಹೊಗೆ ಜಾಸ್ತಿ ಬೇಕು ಅಂತ ಅಪ್ಪ ಬಿಸಿ ಏರಿಸ್ತಾರೆ. ಇದರಲ್ಲಿ ಉಲ್ಟಾ, 225 ಫ್ಯಾರನ್‌ಹೀಟ್ ಅಂದ್ರೆ ನಮ್ಮ 107 ಡಿಗ್ರಿ ಹತ್ರ ಇಟ್ರೆ ಪೆಲೆಟ್ ನಿಧಾನಕ್ಕೆ ಉರಿದು ಹೊಗೆ ಬರುತ್ತೆ, 400 ದಾಟಿದ್ರೆ ಸ್ವಚ್ಛ ಉರೀತದೆ, ಹೊಗೆ ತೀರಾ ಕಮ್ಮಿ. ಶುರುವಲ್ಲಿ ಬರೋ ದಟ್ಟ ಬಿಳಿ ಹೊಗೇಲಿ ಕೋಳಿ ಇಟ್ರೆ ಕಹಿ ಆಗುತ್ತೆ, ಅದು ತೆಳ್ಳಗಾಗೋವರೆಗೆ ಕಾಯ್ಬೇಕು. ಈ ತೆಳು ಹೊಗೆಗೆ ಒಂದು ಪದ ಇದೆಯಾ?

ಅಚ್ಚಗನ್ನಡಿಗ:

ತೆಳುಹೊಗೆ. ಇದಕ್ಕೂ ಕೇಳ್ಬೇಕಾ.

ಪೀಣ್ಯ ಫಿಟ್ಟರ್:

"ಸುಡೊಲೆ"ನೂ ತಪ್ಪೇ ಸಾರ್. ಬೆಂಕಿಗೂ ಕೋಳಿಗೂ ಮಧ್ಯೆ ದೊಡ್ಡ ಲೋಹದ ತಗಡಿದೆ, ಬಿಸಿಗಾಳೀನ ಫ್ಯಾನ್ ತಿರುಗಿಸುತ್ತೆ. ಹೆಸರು ಗ್ರಿಲ್, ಕೆಲಸ ಓವನ್‌ದು. ಬದನೆಕಾಯಿ ಇಟ್ಟು ನೋಡಿ, ಒಳಗೆ ಬೆಣ್ಣೆ ಥರ ಬೇಯುತ್ತೆ, ಹೊಗೆ ಘಮ ಬರುತ್ತೆ, ಕೆಂಡದಲ್ಲಿ ಆದಂಗೆ ಸಿಪ್ಪೆ ಕರಿಯಾಗಿ ಸಿಡಿಯಲ್ಲ. ಹಂಗಾಗಿ ದಿನಾ ಅಡುಗೆಗೆ 350ರಲ್ಲಿ ಬ್ರೆಡ್ಡು, ಪಿಜ್ಜಾ, ಗೆಣಸು, ಜೋಳ ಎಲ್ಲಾ ಆರಾಮಾಗಿ ಆಗುತ್ತೆ, ಆದ್ರೆ ಫುಲ್ಕ ಉಬ್ಬಿಸ್ತೀನಿ ಅಂತ ಹೋಗ್ಬೇಡಿ. ಸುಡೋದು ಇಲ್ಲೇ ಇಲ್ಲ, ಸುಡೊಲೆ ಎಲ್ಲಿಂದ ಬಂತು?

ಅಚ್ಚಗನ್ನಡಿಗ:

ಹಾಗಾದ್ರೆ ಇಂಗ್ಲಿಷ್‌ನವರ ಗ್ರಿಲ್ಲೂ ತಪ್ಪೇ ತಾನೆ. ಅವರ ತಪ್ಪು ನಿಮಗೆ ರುಚಿ, ನಮ್ಮ ಸರಿಯೂ ಕಹಿ. ಕಿಟಕಿ ಗ್ರಿಲ್ಲಿಗೂ ಅಡುಗೆ ಗ್ರಿಲ್ಲಿಗೂ ಮೂಲ ಒಂದೇ, ಲ್ಯಾಟಿನ್‌ನಲ್ಲಿ ಹೆಣೆದ ಜಾಲರಿ ಅನ್ನೋ ಅರ್ಥದ್ದು, ಅವರು ಫ್ರೆಂಚರಿಂದ ತಂದಿದ್ದು. ಬಾರ್ಬೆಕ್ಯೂ ಅಂತೂ ಕೆರೀಬಿಯನ್ ದ್ವೀಪದ ಮೂಲನಿವಾಸಿಗಳದ್ದು, ಸ್ಪ್ಯಾನಿಷ್ ಹಾದು ಬಂತು. ಎರಡು ಸಾಲ ಮಾಡಿ ಬದುಕಿರೋ ನುಡಿ ಹತ್ರ ಮೂರನೇ ಸಾಲಕ್ಕೆ ಕೈ ಚಾಚೋದು.

ಮಲೆನಾಡಿನವಳು:

ಸಾಲ ಅಂತೀರಲ್ಲ, ನೀವು ಕೂತು ಟೈಪ್ ಮಾಡ್ತಿರೋ ಕುರ್ಚಿ ಅರಬ್ಬಿ, ಕರಾವಳೀಲಿ ಬಾಗಿಲಿಗೆ ಹಾಕೋ ಚಾವಿ ಪೋರ್ಚುಗೀಸು. ಯಾರೂ ಬಡ್ಡಿ ಕೇಳ್ಕೊಂಡು ಬಂದಿಲ್ಲ. ಈ ಪೆಲೆಟ್ ಗ್ರಿಲ್ ಅಮೆರಿಕದ ಒರೆಗಾನ್‌ನ ಮೌಂಟ್ ಏಂಜಲ್ ಅನ್ನೋ ಸಣ್ಣ ಊರಲ್ಲಿ ಟ್ರೇಗರ್ ಕುಟುಂಬದವ್ರು ಮಾಡಿದ್ದು, 1980ರ ದಶಕದಲ್ಲಿ ಪೇಟೆಂಟ್ ಆಗಿದ್ದು, ಅದರ ಅವಧಿ ಮುಗಿದ್ಮೇಲೆ ಕಂಡಕಂಡ ಕಂಪನಿಯವ್ರೆಲ್ಲಾ ಮಾಡೋಕೆ ಶುರುಮಾಡಿದ್ರು. ಅವರ ಮಗೂಗೆ ಅವರಿಟ್ಟ ಹೆಸರಲ್ಲಿ ಕರೆಯೋದ್ರಲ್ಲಿ ನಮ್ಮ ಮಾನ ಏನು ಹೋಗುತ್ತೆ ನಂಗೊತ್ತಿಲ್ಲ.

ನಿವೃತ್ತ ಮೇಷ್ಟ್ರು:

ಇಷ್ಟೆಲ್ಲಾ ಮಾತಾಡಿ ಶಟ್‌ಡೌನ್ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ಅಪಾಯ ಇರೋ ಪದ ಅದೊಂದೇ ಅಲ್ವೇ?

ಪೀಣ್ಯ ಫಿಟ್ಟರ್:

ಹೌದು ಮೇಷ್ಟ್ರೇ. ಬಟನ್ ಒತ್ತಿದ್ಮೇಲೆ ಹೊಸ ಪೆಲೆಟ್ ಬರೋದು ನಿಲ್ಲುತ್ತೆ, ಫ್ಯಾನ್ ಮಾತ್ರ ಒಂದಷ್ಟು ನಿಮಿಷ ಓಡಿ ಉಳಿದಿದ್ದನ್ನ ಪೂರ್ತಿ ಉರಿಸಿ ಬೂದಿ ಮಾಡುತ್ತೆ. ಅದಕ್ಕೆ ಮುಂಚೆನೇ ಪ್ಲಗ್ ಕಿತ್ರೆ ಫೈರ್ ಪಾಟಲ್ಲಿ ಪೆಲೆಟ್ ಹಂಗೇ ನಿಗಿನಿಗಿ ಅಂತಿರುತ್ತೆ, ಬೆಂಕಿ ತಿರುಪು ಹಿಡ್ಕೊಂಡು ಹಿಂದಕ್ಕೆ ಹಾಪರ್ ಕಡೆ ಹೋಗ್ಬಹುದು, ಇಲ್ಲಾಂದ್ರೆ ಮುಂದಿನ ಸಲ ಹಚ್ಚುವಾಗ ಉಳಿದ ರಾಶಿ ಎಲ್ಲಾ ಒಟ್ಟಿಗೆ ಹತ್ಕೊಳ್ಳುತ್ತೆ. "ಆಫ್ ಮಾಡಿ" ಅಂತ ಬರೆದ್ರೆ ನಮ್ಮೂರ ಯಜಮಾನರು ಸೀದಾ ಗೋಡೆ ಸ್ವಿಚ್ಚಿಗೇ ಹೋಗ್ತಾರೆ, ಮಿಕ್ಸಿಗೆ ಹಂಗೇ ಅಭ್ಯಾಸ.

ಡಲ್ಲಸ್‌ವಾಸಿ:

"ಆರಿಸಿ" ಅಂದ್ರೆ?

ನಿವೃತ್ತ ಮೇಷ್ಟ್ರು:

ಕೂಡದು. "ಇಸು" ಸೇರಿದ ಪ್ರೇರಣಾರ್ಥಕ ಬಂದ ಕೂಡಲೇ ಕೆಲಸ ಓದುವವನ ತಲೆ ಮೇಲೆ ಬೀಳುತ್ತೆ, ಅವನು ನೀರು ಹೊಯ್ದಾದರೂ ಆರಿಸ್ತಾನೆ. ಜಿಡ್ಡಿರೋ ಒಲೆಗೆ ನೀರು ಹಾಕಿದ್ರೆ ಏನಾಗುತ್ತೆ ಹೇಳ್ಬೇಕಿಲ್ಲ. ಆಯ್ಕೆ ಮಾಡು ಅನ್ನೋ ಅರ್ಥವೂ ಆ ಆರಿಸುಗೆ ಇದೆ, ಅದು ಇನ್ನೊಂದು ಗೊಂದಲ. ಅಕರ್ಮಕದಲ್ಲೇ ಇಡಿ: "ಬಟನ್ ಒತ್ತಿ. ತಾನಾಗಿ ಆರಲಿ." ಆರು ಅನ್ನೋ ಒಂದೇ ಧಾತುವಿನಲ್ಲಿ ಬೆಂಕಿ ನಂದೋದು, ಬಿಸಿ ಇಳಿಯೋದು ಎರಡೂ ಇದೆ, ದೀಪ ಆರಿತು, ಕಾಫಿ ಆರಿಹೋಯ್ತು. ನಿಮ್ಮ ಯಂತ್ರ ಮಾಡೋದೂ ಅದೇ ಎರಡು ಕೆಲಸ. ಅಂದಹಾಗೆ ಹಳಗನ್ನಡದಲ್ಲಿ ಇದು ಶಕಟರೇಫದ, ಅಂದ್ರೆ ಈಗ ಬಳಕೆಯಲ್ಲಿಲ್ಲದ ಱ ಅಕ್ಷರದ, ಆಱು. ಱ ಹೋದಮೇಲೆ ಎಷ್ಟು ಧಾತುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿವೆ ಅಂತ ಯಾರಿಗೂ ಚಿಂತೆಯಿಲ್ಲ, ಪೆಲೆಟ್‌ಗೆ ಕಣ್ಣೀರು ಹಾಕ್ತಾರೆ.

ಅಚ್ಚಗನ್ನಡಿಗ:

ಧಾತು, ಅಕರ್ಮಕ, ಪ್ರೇರಣಾರ್ಥಕ. ಕನ್ನಡ ಕಾಪಾಡೋ ಮೇಷ್ಟ್ರ ಬಾಯಲ್ಲಿ ಕನ್ನಡ ಎಲ್ಲಿದೆ ಅಂತ ನಾನೂ ಹುಡುಕ್ತಿದೀನಿ.

ಡಲ್ಲಸ್‌ವಾಸಿ:

ಜಗಳ ಮುಂದುವರೀಲಿ, ನಾನು ಪ್ರಿಂಟಿಗೆ ಕೊಡ್ತಿದೀನಿ. ಹಾಳೆ ಹೀಗಿದೆ:

"ಅಪ್ಪಾ, ಡಬ್ಬಿಯಲ್ಲಿ ಮರದ ಪೆಲೆಟ್ ಇದೆಯಾ ನೋಡಿ, ನೆನೆದಿದ್ರೆ ಹಾಕ್ಬೇಡಿ. ಪ್ಲಗ್ ಹಾಕಿ, ಮುಚ್ಚಳ ಹಾಕಿ, ಬಟನ್ ಒತ್ತಿ. ಮೊದಲು ದಟ್ಟ ಹೊಗೆ ಬರುತ್ತೆ, ತೆಳ್ಳಗಾದ ಮೇಲೆ ಅಡುಗೆ ಇಡಿ. ಹೊಗೆ ಬೇಕಾದ್ರೆ 225, ಬರೀ ಬೇಯಿಸೋಕೆ 350. ಕೋಳಿ ಬೆಂದಿದೆಯಾ ಅಂತ ಬಣ್ಣ ನೋಡಿ ಹೇಳ್ಬೇಡಿ, ಹೊಗೆಗೆ ಒಳಗೆ ಕೆಂಪಗೆ ಕಾಣುತ್ತೆ. ಥರ್ಮಾಮೀಟರ್ ಕಡ್ಡಿ ಚುಚ್ಚಿ, 165 ತೋರಿಸ್ಬೇಕು. ಮುಗಿದ ಮೇಲೆ ಬಟನ್ ಒತ್ತಿ, ತಾನಾಗಿ ಆರಲಿ. ಫ್ಯಾನ್ ಸದ್ದು ನಿಲ್ಲೋವರೆಗೆ ಪ್ಲಗ್ ಮುಟ್ಬೇಡಿ, ನೀರು ಹಾಕ್ಬೇಡಿ. ಬೂದಿ ಮಾರನೇ ದಿನ."

ಮುಚ್ಚಳದ ವಿಷ್ಯ ಬೇರೆಯವ್ರು ಕಾಪಿ ಹೊಡೆಯೋಕೆ ಮುಂಚೆ ನಿಮ್ಮ ಮ್ಯಾನ್ಯುಯಲ್ ನೋಡಿ, ಕೆಲವು ಮಾಡೆಲ್‌ನ ಮುಚ್ಚಳ ತೆಗೆದೇ ಹಚ್ಬೇಕು.

ಮಲೆನಾಡಿನವಳು:

ಚೆನ್ನಾಗಿದೆ. ಇಡೀ ಹಾಳೇಲಿ ಗ್ರಿಲ್ ಅನ್ನೋ ಪದಾನೇ ಇಲ್ಲ ನೋಡಿ, ಯಾರಿಗೂ ಬೇಕಾಗ್ಲಿಲ್ಲ.

ಅಚ್ಚಗನ್ನಡಿಗ:

ಬಟನ್ = ಒತ್ತುಗುಂಡಿ.

ಪೀಣ್ಯ ಫಿಟ್ಟರ್:

ಟಚ್ ಸ್ಕ್ರೀನ್ ಸಾರ್ ಅದು, ಗುಂಡಿ ಎಲ್ಲಿದೆ.