ಹಿಮ ಬಿದ್ದು ಒಣಗಿದ ನಿಂಬೆ ಗಿಡ, ಬುಡದಲ್ಲಿ ಬಂದ ಚಿಗುರು ಬೆಳೆಸಲಾ?

ತೋಟದ ಹುಚ್ಚು
ಮೂರು ವರ್ಷದ ಕಸಿ ನಿಂಬೆ, ಹೊರಗೆ ನೆಲದಲ್ಲೇ ಇದೆ. ಈ ಚಳಿಗಾಲದಲ್ಲಿ ಎರಡು ರಾತ್ರಿ ಮೈನಸ್ 7ಕ್ಕೆ ಇಳಿಯಿತು. ಪ್ಲಾಸ್ಟಿಕ್ ಹಾಳೆ ಸುತ್ತಿ, ಗಾಳಿ ನುಗ್ಗದಿರಲಿ ಅಂತ ಕಾಂಡಕ್ಕೆ ಹಗ್ಗ ಬಿಗಿದು, ಒಳಗೆ ಒಂದು ಎಲ್‌ಇಡಿ ಸರ ಬೇರೆ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಎಲೆಯೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು. ಈಗ ಒಣಗಿದೆ, ಆದರೆ ಉದುರಿಲ್ಲ. ಬಿಸಿಲು ಏರುತ್ತಿದ್ದ ಹಾಗೆ ಬುಡದಿಂದ ಎರಡು ಚಿಗುರು ಬಂದಿದೆ, ಭಾರಿ ಜೋರು, ಮುಳ್ಳೂ ಉದ್ದುದ್ದ. ಮೇಲಿನದನ್ನು ಕಡಿದು ಇದನ್ನೇ ಬೆಳೆಸಬಹುದಾ?

ಕಸಿಕತ್ತಿ
ಮೊದಲು ಚಿಗುರಿನ ಎಲೆ ನೋಡಿ. ಬಿಲ್ವಪತ್ರೆ ಥರ ಒಂದೇ ತೊಟ್ಟಿಗೆ ಮೂರು ಎಲೆ ಇದೆಯಾ? ಇದ್ದರೆ ಅದು ನಿಮ್ಮ ನಿಂಬೆ ಅಲ್ಲ, ಕಸಿ ಕಟ್ಟಲು ಕೆಳಗೆ ಬಳಸಿದ ಮೂರೆಲೆ ಕಿತ್ತಳೆ. ಅದಕ್ಕೆ ಚಳಿ ಏನೂ ಮಾಡಲ್ಲ, ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುವ ಜಾತಿ. ಅದಕ್ಕೇ ಚಳಿ ಊರುಗಳಲ್ಲಿ ಅದರ ಮೇಲೆ ಕಸಿ ಕಟ್ಟುತ್ತಾರೆ. ಬೆಳೆಸಿದರೆ ಹಣ್ಣೇನೋ ಬರುತ್ತದೆ, ಬಾಯಿಗಿಟ್ಟರೆ ಕಹಿ, ತುಂಬಾ ಬೀಜ.

ಎಲೆ ಒಣಗಿಯೂ ಉದುರಿಲ್ಲ ಅಂದರೆ ಆ ರೆಂಬೆ ಹೋಗಿದೆ ಅಂತಲೇ ಲೆಕ್ಕ. ಜೀವ ಇರುವ ರೆಂಬೆ ಕೆಟ್ಟ ಎಲೆಯನ್ನು ತಾನೇ ಉದುರಿಸಿಬಿಡುತ್ತದೆ. ಆದರೂ ಈಗಲೇ ಕಡಿಯಬೇಡಿ. ಕಸಿ ಗಂಟು, ಅಂದರೆ ಬುಡದ ಹತ್ತಿರ ಎರಡು ಗಿಡ ಕೂಡಿದ ಜಾಗ, ಅದಕ್ಕಿಂತ ಮೇಲೆ ಉಗುರಿನಿಂದ ತೊಗಟೆ ಕೆರೆದು ನೋಡಿ, ಹಸಿರು ಕಂಡರೆ ಆಸೆ ಇದೆ.

ಮಣ್ಣಿನ ಕೈ
ಬೇಜಾರಾಗಬೇಡಿ, ನಾನೂ ಒಂದು ವರ್ಷ ಹೀಗೇ ಪ್ಲಾಸ್ಟಿಕ್ ಕಟ್ಟಿ ಗಿಡ ಕಳೆದುಕೊಂಡಿದ್ದೀನಿ. ರಾತ್ರಿ ಶಾಖ ಬರುವುದು ನೆಲದಿಂದ. ನೀವು ಕಾಂಡಕ್ಕೆ ಬಿಗಿದು ಆ ದಾರಿಯನ್ನೇ ಮುಚ್ಚಿದ್ದೀರಿ. ಹೊದಿಕೆ ಗುಡಾರದ ಹಾಗೆ ನೆಲದವರೆಗೆ ಇಳಿದು ಸುತ್ತ ಹರಡಿರಬೇಕು, ಅಂಚಿಗೆ ಕಲ್ಲು ಇಡಿ. ಹಳೇ ಕಂಬಳಿಯೋ ದಪ್ಪ ಬಟ್ಟೆಯೋ ಸಾಕು. ಪ್ಲಾಸ್ಟಿಕ್ ತಾಗಿದ ಎಲೆ ಚಳಿಗೆ ಮೊದಲು ಸುಡುತ್ತದೆ, ಮತ್ತೆ ಬಿಸಿಲು ಬಂದರೆ ಒಳಗೆ ಬೇಯುತ್ತದೆ. ಎಲ್‌ಇಡಿಯಲ್ಲಿ ಶಾಖ ಎಲ್ಲಿರುತ್ತೆ? ತಂತಿ ಕಾಯುವ ಹಳೇ ಬಲ್ಬಿನ ಸರ ಹಾಕಬೇಕಿತ್ತು, ಅದೂ ಬಟ್ಟೆಗೆ ತಾಗದ ಹಾಗೆ.

ಇನ್ನೊಂದು, ನನ್ನ ಮಟ್ಟಿಗೆ ಇದೇ ಮುಖ್ಯ. ಚಳಿ ಶುರುವಾಗುವ ಮುಂಚೆ ಕಸಿ ಗಂಟು ಮುಚ್ಚಿ ಅದರ ಮೇಲೂ ಒಂದಡಿ ಬರುವಷ್ಟು ಮಣ್ಣು ಏರಿಸಿಬಿಡಿ. ಮೇಲಿನದೆಲ್ಲ ಸತ್ತರೂ ಮಣ್ಣೊಳಗಿನ ನಿಂಬೆ ಉಳಿಯುತ್ತದೆ. ಚಳಿ ಹೋದ ತಕ್ಷಣ ಮಣ್ಣು ತೆಗೆಯಿರಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ.

ಹುಳಿಪ್ರಿಯ
ಇಷ್ಟೆಲ್ಲ ಪಾಡು ಯಾಕೆ, ಚಳಿ ತಡೆಯುವ ಜಾತಿ ಹಾಕಿ ಸುಮ್ನೆ ಇರಬಹುದಲ್ವಾ? ಮಾಮೂಲಿ ನಿಂಬೆ ಮೈನಸ್ 3ಕ್ಕೇ ಸುಸ್ತು. ಮೇಯರ್ ನಿಂಬೆ ಸ್ವಲ್ಪ ಗಟ್ಟಿ. ಸತ್ಸುಮಾ ಕಿತ್ತಳೆ ಬಲಿತ ಮೇಲೆ ಮೈನಸ್ 8ರ ತನಕ ತಡೆಯುತ್ತದೆ, ನಿಂಬೆ ಥರದ್ದೇ ಹುಳಿ ಹಣ್ಣು ಯುಜು ಅದಕ್ಕಿಂತ ಜಾಸ್ತಿ. ಎಳೇ ಗಿಡಕ್ಕೆ ಈ ಲೆಕ್ಕ ಹಿಡಿಯಬೇಡಿ.

ಮಣ್ಣಿನ ಕೈ
ಜಾತಿ ಒಂದೇ ಸಾಲದು. ಮಳೆಗಾಲ ಮುಗಿಯುವ ಹೊತ್ತಿಗೆ ಯೂರಿಯಾ ಸುರಿದು ಎಳೇ ಚಿಗುರು ಬರಿಸಿದರೆ ಸತ್ಸುಮಾನೂ ಸುಡುತ್ತದೆ.

ತೋಟದ ಹುಚ್ಚು
ಈಗಷ್ಟೇ ಕೆರೆದು ನೋಡಿದೆ. ಚಿಗುರು ಮೂರೆಲೆಯದೇ, ಎರಡೂ. ಆದರೆ ಗಂಟಿನ ಮೇಲೆ ಒಂದು ಪಕ್ಕದಲ್ಲಿ ನಾಲ್ಕು ಬೆರಳಿನಷ್ಟು ಹಸಿರಿದೆ!

ಕಸಿಕತ್ತಿ
ಹಾಗಿದ್ದರೆ ಬುಡದ ಎರಡನ್ನೂ ಇವತ್ತೇ ಕಿತ್ತು ಹಾಕಿ. ಕತ್ತರಿ ಬೇಡ, ಕತ್ತರಿಸಿದರೆ ಮತ್ತೆ ಬರುತ್ತದೆ. ಕೈಗವಸು ಹಾಕಿಕೊಂಡು ಬುಡಸಮೇತ ಕೆಳಕ್ಕೆ ಎಳೆಯಿರಿ. ಆ ನಾಲ್ಕು ಬೆರಳಲ್ಲಿ ಚಿಗುರು ಬರುವ ತನಕ ಗೊಬ್ಬರ ಬೇಡ, ನೀರೂ ಕಮ್ಮಿ. ಒಣಗಿದ್ದನ್ನು ಆಮೇಲೆ ಕಡಿಯಿರಿ.