ಅಪ್‌ಡೇಟ್: ಇಬ್ಬರಿಗೂ ಅದೇ ಎರಡು ಜೋಡಿ ಬಂದ ಆಟ ಕೊನೆಗೆ ಏನಾಯ್ತು

ಹೋದ ವಾರ ಕೇಳಿದ್ದೆ ಅಲ್ವಾ, ಜಯನಗರದ ನಮ್ಮ ಮನೆಯಲ್ಲಿ ಹುಣಸೆ ಬೀಜ ಇಟ್ಟುಕೊಂಡು ಟೆಕ್ಸಾಸ್ ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್ ಆಟ) ಆಡುವಾಗ ವಾದ ಹತ್ತಿಕೊಂಡಿತು ಅಂತ. ಮೇಜಿನ ಮೇಲೆ ಎರಡು ರಾಜ, ಎರಡು ಏಳು, ಒಂದು ಎಕ್ಕ. ನನ್ನ ಕೈಯಲ್ಲಿ ರಾಣಿ, ಗುಲಾಮ. ಭಾವನ ಹತ್ತಿರ ಹತ್ತು, ಒಂಬತ್ತು. ರಾಣಿ ದೊಡ್ಡದು, ನಾನೇ ಗೆದ್ದೆ ಅಂದಿದ್ದೆ.

ಭಾನುವಾರ ಬಗೆಹರಿಯಿತು. ‘ಏಳು ಎಲೆಯಲ್ಲಿ ಒಳ್ಳೆಯ ಐದನ್ನು ಮಾತ್ರ ನೋಡಿ’ ಅಂದವರೇ ಸರಿ, ತುಂಬಾ ಥ್ಯಾಂಕ್ಸ್. ಇಬ್ಬರದೂ ಮೇಜಿನ ಮೇಲಿನ ಅದೇ ಐದು ಎಲೆ. ಆರನೆಯದು ಲೆಕ್ಕಕ್ಕೇ ಇಲ್ಲ. ಬೀಜ ಸಮಪಾಲು ಮಾಡಿಕೊಂಡೆವು. ಎಕ್ಕದ ಜಾಗದಲ್ಲಿ ಮೂರರಂಥ ಸಣ್ಣ ಎಲೆ ಬಿದ್ದಿದ್ದರೆ ರಾಣಿ ನನ್ನನ್ನು ಗೆಲ್ಲಿಸುತ್ತಿತ್ತು.

ಇಸ್ಪೀಟ್ ಇದ್ದವರೇ ಗೆಲ್ಲುತ್ತಾರೆ ಅನ್ನೋ ಸಲಹೆ ನಡೆಯಲಿಲ್ಲ. ಪೋಕರ್‌ನಲ್ಲಿ ಕೈ ಹೋಲಿಸುವಾಗ ಇಸ್ಪೀಟ್, ಆಟೀನು ಎಲ್ಲಾ ಒಂದೇ.

ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು. ಮೂರು ಎಲೆಯ ತೀನ್ ಪತ್ತಿ ಆಟದಲ್ಲಿ ಸೀಕ್ವೆನ್ಸ್ (ಸಾಲಾಗಿ ಬರುವ ಎಲೆಗಳು) ಕಲರ್‌ಗಿಂತ (ಎಲ್ಲಾ ಒಂದೇ ಗುರುತಿನ ಎಲೆಗಳು) ಮೇಲು, ಪೋಕರ್‌ನಲ್ಲಿ ಫ್ಲಶ್ಶೇ (ಅಂದರೆ ಕಲರ್) ಸ್ಟ್ರೈಟ್‌ಗಿಂತ (ಅಂದರೆ ಸೀಕ್ವೆನ್ಸ್) ಮೇಲು. ಕಾರಣ ಸುಮ್ನೆ ಎಣಿಕೆ: ಮೂರು ಎಲೆಯಲ್ಲಿ ಸೀಕ್ವೆನ್ಸ್ 720 ಬಗೆ, ಕಲರ್ 1,096. ಐದು ಎಲೆಯಲ್ಲಿ ಸ್ಟ್ರೈಟ್ 10,200, ಫ್ಲಶ್ 5,108 ಮಾತ್ರ. ಅಪರೂಪದ್ದಕ್ಕೇ ಬೆಲೆ ಜಾಸ್ತಿ. ಇದನ್ನು ಚೀಟಿಯಲ್ಲಿ ಬರೆದು ಎಲೆಗಳ ಡಬ್ಬಿಯಲ್ಲೇ ಇಟ್ಟಿದ್ದೇನೆ.